ಮೂರೇ ಟೀ ಶರ್ಟಿನಲ್ಲಿ ಲೋಕ ಸುತ್ತಲು: ಹತ್ತಿಯೋ, ಪಾಲಿಯೆಸ್ಟರೋ, ಮೆರಿನೋವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೆರಿನೋಗೆ, ಅಂದರೆ ಮೆರಿನೋ ತಳಿಯ ಕುರಿಯ ನವಿರಾದ ಉಣ್ಣೆಗೆ. ಅದೂ ಶುದ್ಧ ಮೆರಿನೋಗಲ್ಲ, ನೈಲಾನ್ ಬೆರೆಸಿದ್ದಕ್ಕೆ. ಶುದ್ಧ ಮೆರಿನೋ ಕೊಂಡು, ಅದು ತೂತು ಬಿದ್ದ ಮೇಲೆ ಬಂದ ತೀರ್ಮಾನ ಇದು.

ತಿಂಗಳುಗಟ್ಟಲೆ ಬ್ಯಾಗು ಹೊತ್ತು ತಿರುಗುವಾಗ ಬಟ್ಟೆಯ ಸಂಖ್ಯೆಯನ್ನು ತೀರ್ಮಾನಿಸುವ ಪ್ರಶ್ನೆಗಳು ಎರಡೇ. ಒಗೆಯದೆ ಎಷ್ಟು ದಿನ ಹಾಕಬಹುದು? ರಾತ್ರಿ ಒಗೆದದ್ದು ಬೆಳಿಗ್ಗೆ ಒಣಗಿರುತ್ತದೆಯೇ? ಮಧ್ಯಮ ಅಳತೆಯ ಹತ್ತಿ ಟೀ ಶರ್ಟು ಸುಮಾರು 180 ಗ್ರಾಂ ತೂಗುತ್ತದೆ, ಏಳು ಇಟ್ಟರೆ 1,260 ಗ್ರಾಂ. ತೆಳು ಮೆರಿನೋ ಸುಮಾರು 150 ಗ್ರಾಂ, ಮೂರಕ್ಕೆ 450. ಉಳಿದದ್ದು 810 ಗ್ರಾಂ. ಎಷ್ಟೋ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಿಗೆ 7 ಕಿಲೋ ಮಿತಿ ಇದೆ, 40 ಲೀಟರಿನ ಬ್ಯಾಗು ಖಾಲಿ ಇದ್ದಾಗಲೇ ಒಂದು ಕಿಲೋ ದಾಟಿರುತ್ತದೆ. ಹಾಗಾಗಿ ಈ 810 ಗ್ರಾಂ ಸಣ್ಣ ಮಾತಲ್ಲ.

ಹತ್ತಿಯದ್ದು ಬೇಗ ಮುಗಿಯುವ ಕತೆ. ಒಣ ಸೆಕೆಯಲ್ಲಿ ಮೈಗೆ ಹಿತ, ಎಲ್ಲಿ ಹೋದರೂ ಸಿಗುತ್ತದೆ, ಹರಿದರೆ ಬೇಸರವಿಲ್ಲ. ಆದರೆ ಹೀರಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ತೇವದ ಹವೆಯಲ್ಲಿ ರಾತ್ರಿ ಹರವಿದರೆ ಬೆಳಿಗ್ಗೆ ಕೊರಳಪಟ್ಟಿ, ಹೊಲಿಗೆಗಳೆಲ್ಲ ಹಸಿ. ಹಾಗೇ ಮಡಚಿ ಬ್ಯಾಗಿಗೆ ಹಾಕಿದರೆ ಮುಗ್ಗಲು ವಾಸನೆ ಪಕ್ಕದ ಬಟ್ಟೆಗಳಿಗೂ ಹತ್ತುತ್ತದೆ. ಚಳಿಯಲ್ಲಿ ಬೆವರಿ ಒದ್ದೆಯಾದ ಹತ್ತಿ ಮೈಯ ಶಾಖವನ್ನೇ ಎಳೆದುಕೊಳ್ಳುತ್ತದೆ.

ಪಾಲಿಯೆಸ್ಟರ್ ಒಣಗುವುದರಲ್ಲಿ ಎಲ್ಲರಿಗಿಂತ ಮುಂದೆ. ಅದರ ಎಳೆ ತನ್ನ ತೂಕದ ಶೇ. 0.4ರಷ್ಟು ತೇವವನ್ನಷ್ಟೇ ಒಳಗೆ ಹಿಡಿಯುತ್ತದೆ, ಉಳಿದ ನೀರೆಲ್ಲ ಎಳೆಗಳ ನಡುವೆ ನಿಂತಿರುತ್ತದೆ. ಚೆನ್ನಾಗಿ ಹಿಂಡಿ ಫ್ಯಾನಿನ ಕೆಳಗೆ ಹಾಕಿದರೆ ಮಲಗೇಳುವುದರೊಳಗೆ ಸಿದ್ಧ. ತೊಂದರೆ ಇರುವುದು ವಾಸನೆಯಲ್ಲಿ. ನೀರನ್ನು ದೂರವಿಡುವ ಈ ಎಳೆಗೆ ಮೈಯ ಜಿಡ್ಡು ಮಾತ್ರ ಬಿಗಿಯಾಗಿ ಅಂಟುತ್ತದೆ. ತಣ್ಣೀರಲ್ಲಿ ಒಗೆದಾಗ ವಾಸನೆ ಹೋದಂತೆ ಕಾಣುತ್ತದೆ, ಹಾಕಿಕೊಂಡು ಸ್ವಲ್ಪ ನಡೆದು ಕಂಕುಳು ಬಿಸಿಯಾದರೆ ಮತ್ತೆ ಹಾಜರು. ಒಳಮೈ ಹೊರಗೆ ಮಾಡಿ, ಡಿಟರ್ಜೆಂಟ್ ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಹಾಕಿ. ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡವೇ ಬೇಡ, ಅದು ಎಳೆಯ ಮೇಲೆ ಇನ್ನೊಂದು ಪದರ ಬಿಡುತ್ತದೆ.

ಮೆರಿನೋ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಎಳೆಯೊಳಗೇ ಇಟ್ಟುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಬೆವರಿನ ವಾಸನೆಯೂ ಎಳೆಯೊಳಗೆ ಸಿಕ್ಕಿಕೊಂಡಿರುತ್ತದೆ, ಗಾಳಿಗೆ ಹರವಿದರೆ ಬಹುಪಾಲು ಇಳಿಯುತ್ತದೆ. ನಾಲ್ಕೈದು ದಿನ ಒಂದನ್ನೇ ಹಾಕಬಹುದು. ಒಣಗುವುದು ಪಾಲಿಯೆಸ್ಟರಿಗಿಂತ ನಿಧಾನ, ಹತ್ತಿಗಿಂತ ಬೇಗ. ಬಿಳಿ ಬಣ್ಣದ್ದು ಕೊಳ್ಳಬೇಡಿ, ಮೈ ಕಾಣಿಸುತ್ತದೆ.

ಈಗ ತೂತಿನ ವಿಷಯ. ಚದರ ಮೀಟರಿಗೆ 150 ಗ್ರಾಂ ತೂಗುವ ಶುದ್ಧ ಮೆರಿನೋ ಬಟ್ಟೆಯಲ್ಲಿ ಮೊದಲ ತೂತು ಬೀಳುವ ಜಾಗ ಹೆಚ್ಚು ಕಡಿಮೆ ಒಂದೇ: ಹೊಟ್ಟೆಯ ಮೇಲೆ, ಹೊಕ್ಕುಳಿಗಿಂತ ಎರಡು ಬೆರಳು ಕೆಳಗೆ. ಪ್ಯಾಂಟಿನ ಗುಂಡಿ ಅಥವಾ ಬೆಲ್ಟಿನ ಬಕಲ್ ಒಳಗಿನಿಂದ, ಬ್ಯಾಗಿನ ಸೊಂಟಪಟ್ಟಿಯ ಕ್ಲಿಪ್ಪು ಹೊರಗಿನಿಂದ ಒತ್ತುತ್ತವೆ. ನಡುವೆ ಸಿಕ್ಕ ಬಟ್ಟೆ ಹೆಜ್ಜೆ ಹೆಜ್ಜೆಗೂ ಉಜ್ಜುತ್ತದೆ. ಇದನ್ನು ನುಸಿ ತಿಂದದ್ದು ಅಂತ ತಪ್ಪು ತಿಳಿಯುವವರಿದ್ದಾರೆ. ನುಸಿ ತೂತು ಎಲ್ಲೆಂದರಲ್ಲಿ ಚದುರಿರುತ್ತದೆ, ಇವು ಹೊಟ್ಟೆಯ ಮೇಲೆ ಒಂದೇ ಸಾಲಿನಲ್ಲಿ ಇರುತ್ತವೆ.

ಟೀ ಶರ್ಟು ನೇಯ್ದದ್ದಲ್ಲ, ಹೆಣೆದದ್ದು. ಒಂದು ಕುಣಿಕೆ ತುಂಡಾದರೆ ಪಕ್ಕದವು ಸಡಿಲವಾಗುತ್ತವೆ. ಸಾಸಿವೆ ಕಾಳಿನಷ್ಟಿದ್ದ ತೂತು ಕೆಲವು ಒಗೆತ ಕಳೆಯುವಷ್ಟರಲ್ಲಿ ಬಟಾಣಿಯಷ್ಟಾಗುತ್ತದೆ. ಅದಕ್ಕೇ ಕಂಡ ದಿನವೇ ಹೊಲಿಯಬೇಕು. ಸಣ್ಣ ಸೂಜಿ, ಅದೇ ಬಣ್ಣದ ಒಂಟಿ ಎಳೆ ದಾರ. ಬಟ್ಟೆ ತಿರುಗಿಸಿ, ತೂತಿನ ಸುತ್ತ ಇನ್ನೂ ಗಟ್ಟಿ ಇರುವ ಕುಣಿಕೆಗಳನ್ನು ಒಂದೊಂದಾಗಿ ಸೂಜಿಗೆ ಎತ್ತಿಕೊಳ್ಳಿ. ಮೆಲ್ಲಗೆ ಎಳೆದು ಬಾಯಿ ಕೂಡಿಸಿ. ಸುಕ್ಕು ಬಂದರೆ ಜಾಸ್ತಿ ಎಳೆದಿದ್ದೀರಿ. ಗಂಟು ಬೇಡ, ಒಂದೇ ಜಾಗದಲ್ಲಿ ಎರಡು ಪುಟ್ಟ ಹೊಲಿಗೆ ಹಾಕಿ, ತುದಿಯಲ್ಲಿ ಒಂದು ಸೆಂಟಿಮೀಟರ್ ದಾರ ಬಿಡಿ. ತೂತು ಬೀಳದಂತೆ ನೋಡಿಕೊಳ್ಳಲು ಬಕಲನ್ನು ಪಕ್ಕಕ್ಕೆ ಸರಿಸಿ ಕಟ್ಟಿ, ಇಲ್ಲವೇ ಚಪ್ಪಟೆ ಪ್ಲಾಸ್ಟಿಕ್ ಬಕಲಿನ ಬೆಲ್ಟು ಹಾಕಿ. ವೆಲ್ಕ್ರೋ ಇರುವ ಯಾವುದನ್ನೂ ಅದರ ಜೊತೆ ಒಗೆಯಬೇಡಿ.

ನೈಲಾನ್ ಬೆರೆತದ್ದು ಗೆಲ್ಲುವುದು ಇಲ್ಲೇ. ಒಳಗೆ ನೈಲಾನಿನ ಸಣ್ಣ ಎಳೆ, ಅದರ ಸುತ್ತ ಮೆರಿನೋ ಸುತ್ತಿದ ನೂಲು. ಉಣ್ಣೆ ಸವೆದರೂ ಒಳಗಿನ ಎಳೆ ಕುಣಿಕೆಯನ್ನು ಹಿಡಿದಿಡುತ್ತದೆ. ಲೇಬಲ್ಲಿನಲ್ಲಿ ಮೆರಿನೋ ಶೇ. 85ರಿಂದ 90 ಇರಲಿ. ಅರ್ಧಕ್ಕರ್ಧ ಪಾಲಿಯೆಸ್ಟರ್ ಸೇರಿಸಿದ್ದಾದರೆ ಹಳೆಯ ವಾಸನೆ ಹಿಂದೆಯೇ ಬರುತ್ತದೆ.

ಮೆರಿನೋವನ್ನು ಲಾಂಡ್ರಿಗೆ ಕೊಡಬೇಡಿ. ಡ್ರೈಯರಿನ ಬಿಸಿಗೆ, ಹೊರಳಾಟಕ್ಕೆ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿಬಿಟ್ಟರೆ ಮತ್ತೆ ಹಿಗ್ಗುವುದಿಲ್ಲ. ಎಂಜೈಮ್ (ಕಲೆ ಕರಗಿಸಲು ಸೇರಿಸುವ ಅಂಶ) ಇರುವ ಡಿಟರ್ಜೆಂಟೂ ಬೇಡ, ಉಣ್ಣೆ ಪ್ರೋಟೀನು, ಎಂಜೈಮ್ ಅದನ್ನೇ ತಿನ್ನುತ್ತದೆ. ಬಾರ್ ಸೋಪಿನ ಕ್ಷಾರವೂ ಆಗದು. ತಲೆಗೆ ಹಾಕುವ ಶಾಂಪೂ ಒಂದು ಚಮಚೆ ಸಾಕು. ಬೇಸಿನ್ನಿನಲ್ಲಿ ತಣ್ಣೀರು ತುಂಬಿ, ಐದು ನಿಮಿಷ ನೆನೆಸಿ, ಕಂಕುಳ ಭಾಗವನ್ನು ಕೈಯಲ್ಲಿ ಅದುಮಿ, ಎರಡು ಸಲ ಜಾಲಾಡಿಸಿ. ತಿರುಚಿ ಹಿಂಡಬೇಡಿ. ಒಣ ಟವೆಲ್ ಹಾಸಿ, ಮೇಲೆ ಶರ್ಟು ಹರವಿ, ಚಾಪೆಯಂತೆ ಸುರುಳಿ ಸುತ್ತಿ, ಮಂಡಿಯೂರಿ ಒತ್ತಿ. ನೀರೆಲ್ಲ ಟವೆಲಿಗೆ ಹೋಗುತ್ತದೆ.

ನಾನು ಇಡುವುದು ನೈಲಾನ್ ಬೆರೆತ ಮೆರಿನೋ ಎರಡು, ಪಾಲಿಯೆಸ್ಟರ್ ಒಂದು. ಚಾರಣ, ಈಜು, ಮಣ್ಣಿನ ದಿನಗಳೆಲ್ಲ ಪಾಲಿಯೆಸ್ಟರಿಗೆ. ಮೆರಿನೋ ದುಬಾರಿ, ಹಣ ಒಂದಕ್ಕೆ ಮಾತ್ರ ಇದ್ದರೆ ಒಂದೇ ಕೊಳ್ಳಿ, ರಾತ್ರಿ ಬಸ್ಸು ಮತ್ತು ಉದ್ದ ವಿಮಾನಕ್ಕೆ ಮೀಸಲಿಡಿ. ದಿನಾ ರಾತ್ರಿ ತಪ್ಪದೆ ಒಗೆಯುವವರಿಗೆ ಮೆರಿನೋ ಬೇಕಿಲ್ಲ, ಪಾಲಿಯೆಸ್ಟರ್ ಮೂರಿದ್ದರೆ ಸಾಕು.

ಹೊರಡುವ ಮೊದಲು ಮನೆಯಲ್ಲೇ ಒಮ್ಮೆ ರಾತ್ರಿ ಹತ್ತಕ್ಕೆ ಒಗೆದು, ಬೆಳಿಗ್ಗೆ ಆರಕ್ಕೆ ಕಂಕುಳ ಹೊಲಿಗೆಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ.