ಕಾಡಿನ ಘೇಂಡಾಮೃಗಕ್ಕೆ ರಕ್ತ ಪರೀಕ್ಷೆಯೋ, ಲದ್ದಿ ಪರೀಕ್ಷೆಯೋ?

ರಕ್ತ ಬೇಕು ಅಂದರೆ ಮೊದಲು ಪ್ರಾಣಿಯನ್ನು ಕೆಡವಬೇಕು. ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನಲ್ಲಿ ಹೆಲಿಕಾಪ್ಟರ್‌ನಿಂದ ಎಟಾರ್ಫಿನ್ ಎಂಬ ಮತ್ತು ಬರಿಸುವ ಮದ್ದು ತುಂಬಿದ ಡಾರ್ಟ್ ಹೊಡೆಯುತ್ತಾರೆ. ಘೇಂಡಾಮೃಗ ಓಡುತ್ತದೆ, ತೂರಾಡುತ್ತದೆ, ಬೀಳುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಯ ರಕ್ತನಾಳಕ್ಕೆ ಸೂಜಿ ಚುಚ್ಚುತ್ತಾರೆ. ಅಷ್ಟು ದಪ್ಪ ಚರ್ಮದಲ್ಲಿ ನಾಳ ಸುಲಭವಾಗಿ ಸಿಗುವ ಜಾಗ ಅದು.

ಸಿಗುವ ಮಾಹಿತಿಯೇನೋ ಜಾಸ್ತಿಯೇ. ರಕ್ತಹೀನತೆ, ಕಿಡ್ನಿ, ಲಿವರ್, ಸೋಂಕಿನ ಸುಳಿವು ಎಲ್ಲ ಒಂದೇ ಸಲ. ಕ್ರೂಗರ್‌ನ ಘೇಂಡಾಮೃಗಗಳಲ್ಲಿ ದನಗಳ ಕ್ಷಯ ಕಾಣಿಸಿಕೊಂಡಿದೆ. ಅದರ ಸೋಂಕು ತಗುಲಿದೆಯಾ ಎಂದು ರಕ್ತದ ರೋಗನಿರೋಧಕ ಕಣಗಳನ್ನು ಕ್ಷಯದ ರೋಗಾಣುವಿನ ಅಂಶದಿಂದ ಕೆಣಕಿ, ಅವು ಹೇಗೆ ಪ್ರತಿಕ್ರಿಯಿಸುತ್ತವೆ ಅಂತ ನೋಡುತ್ತಾರೆ.

ಆದರೆ ಒಂದು ತೊಡಕಿದೆ. ಓಡಿದ ಪ್ರಾಣಿಯ ರಕ್ತದಲ್ಲಿ ಲ್ಯಾಕ್ಟೇಟ್, ಅಂದರೆ ಸ್ನಾಯುಗಳು ಜೋರಾಗಿ ದುಡಿದಾಗ ಹುಟ್ಟುವ ವಸ್ತು, ಏರುತ್ತದೆ. ಮದ್ದಿನಿಂದ ಆಮ್ಲಜನಕ ಇಳಿಯುತ್ತದೆ, ಬಿಳಿ ಘೇಂಡಾಮೃಗದಲ್ಲಂತೂ ತುಂಬಾನೇ. ಈ ಅಂಕಿಗಳು ಹಿಡಿದ ಗಳಿಗೆಯ ಕಥೆ ಹೇಳುತ್ತವೆ, ನಿನ್ನೆಯ ಆರೋಗ್ಯದ್ದಲ್ಲ.

ಲದ್ದಿಗೆ ಈ ರಗಳೆ ಇಲ್ಲ. ಘೇಂಡಾಮೃಗಗಳು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಲದ್ದಿ ಹಾಕುತ್ತವೆ, ನಮ್ಮ ಕಾಜಿರಂಗದಲ್ಲೂ ಅಷ್ಟೇ. ಗರ್ಭ, ಒತ್ತಡದ ಹಾರ್ಮೋನಿನ ಗುರುತು, ಹುಳುವಿನ ಮೊಟ್ಟೆ ಎಲ್ಲ ಅದರಲ್ಲೇ ಸಿಗುತ್ತವೆ. ಆದರೆ ಲದ್ದಿ ಹಸಿಯಾಗಿರಬೇಕು. ಯಾರ ಲದ್ದಿ ಅಂತಲೂ ಗೊತ್ತಿರಬೇಕು, ಗುಡ್ಡೆ ಹಲವರದ್ದು ಅಲ್ವಾ?

ನನ್ನನ್ನು ಕೇಳಿದರೆ, ಕಳ್ಳಬೇಟೆ ತಪ್ಪಿಸೋಕೆ ಕೊಂಬು ಕತ್ತರಿಸಲು ಅಥವಾ ಬೇರೆ ಕಾಡಿಗೆ ಸಾಗಿಸಲು ಹೇಗೂ ಕೆಡವಿದಾಗ ರಕ್ತ ತೆಗೆಯದೆ ಬಿಡಬೇಡಿ. ಸುಮ್ನೆ ವರ್ಷವಿಡೀ ಗಮನಿಸೋದಕ್ಕೆ ಲದ್ದಿ ಸಾಕು. ಬಸುರಿ ಘೇಂಡಾಮೃಗವನ್ನಂತೂ ಬರೀ ರಕ್ತಕ್ಕಾಗಿ ಓಡಿಸಬೇಡಿ.