ಎರಡೂವರೆ ಕೆಜಿಯ ಏರ್ ರೈಫಲ್: ಹೊರೋಕೆ ಸುಲಭ, ಹೊಡೆಯೋಕೆ ಹಠಮಾರಿ

ಬೆಟ್ಟ ಹತ್ತುವಾಗ ಹೆಗಲಿಗೆ ಹಾಕಿಕೊಳ್ಳೋಕೆ ಹಗುರವಾದ ರೈಫಲ್ ಹುಡುಕುತ್ತಿದ್ದೀರಾ? ಹಾಗಾದರೆ ಮೊದಲು ಬೆಟ್ಟದ ವಿಷಯ ಮಾತಾಡೋಣ. ಸಾವನದುರ್ಗ ಅರಣ್ಯ ಇಲಾಖೆಯದು. ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಮುತ್ತತ್ತಿ ಕಡೆ ಹೋದರೆ ಕಾವೇರಿ ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಆಯುಧ ಹಿಡಿದು ವನ್ಯಧಾಮದೊಳಗೆ ಕಾಲಿಡುವಂತಿಲ್ಲ. ಆ ಕಾಯ್ದೆಯ ಲೆಕ್ಕದಲ್ಲಿ ಬಿಲ್ಲು, ಬಾಣ, ಬಲೆ, ಚಾಕು ಕೂಡ ಆಯುಧವೇ. 'ಇದಕ್ಕೆ ಲೈಸೆನ್ಸ್ ಬೇಡ ಅಲ್ವಾ ಸಾರ್' ಅಂತ ಗಾರ್ಡ್ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಟ್ರೆಕ್ಕಿಂಗ್‌ಗೆ ನೀರು, ಟಾರ್ಚ್, ಕೋಲು ಸಾಕು.

ನನ್ನ ರೈಫಲ್ ಓಡಾಡುವುದು ಮಾಗಡಿ ಕಡೆ ಇರುವ ಮಾವನವರ ತೋಟದಲ್ಲಿ ಮಾತ್ರ. ರಸ್ತೆಯಿಂದ ಮಾವಿನ ಗಿಡಗಳ ನಡುವೆ ಹೋಗಿ, ಹುರುಳಿ ಹೊಲ ದಾಟಿ, ಹಿಂದಿನ ಬಂಡೆಯ ಕಡೆ ಹತ್ತಬೇಕು. ಅಲ್ಲಿ ಮಣ್ಣಿನ ಎತ್ತರದ ಬದು ಇದೆ. ಅದಕ್ಕೆ ಒರಗಿಸಿ ಡಬ್ಬಿ ಇಟ್ಟು ಹೊಡೆಯುತ್ತೇನೆ. ನವಿಲು, ಕೋತಿ, ಹಂದಿ ಯಾವುದರ ತಂಟೆಗೂ ಹೋಗುವುದಿಲ್ಲ. ಬಂಡೆಗೂ ಹೊಡೆಯುವುದಿಲ್ಲ, ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) ಪುಟಿದು ವಾಪಸ್ ಬರುತ್ತದೆ.

ಕೆಲವು ವರ್ಷಗಳಿಂದ ನನ್ನ ಹತ್ತಿರ ಇರುವುದು ನಮ್ಮ ದೇಶದಲ್ಲೇ ತಯಾರಾದ .177 ಬೋರಿನ, ಅಂದರೆ ನಳಿಗೆಯ ಒಳ ಅಗಲ 0.177 ಇಂಚಿನ, ಸ್ಪ್ರಿಂಗ್ ರೈಫಲ್. ಬ್ಯಾರಲ್ ಮಡಚಿ ತುಂಬುವ ಬಗೆಯದು. ಸ್ಟಾಕ್ (ಹೆಗಲಿಗೆ ಆನಿಸುವ ಹಿಂಭಾಗ) ಪ್ಲಾಸ್ಟಿಕ್, ತೂಕ ಸುಮಾರು ಎರಡೂವರೆ ಕೆಜಿ. ಕಂಪನಿ ಹೆಸರು ಬರೆಯುವುದಿಲ್ಲ, ಯಾಕಂದರೆ ಮುಂದೆ ದೂರುಗಳೂ ಇವೆ. .177 ಬೋರ್, ಪೆಲೆಟ್ ಹೊರಡುವ ಶಕ್ತಿ 20 ಜೂಲ್ ಮಿತಿಯೊಳಗಿನ ಏರ್ ರೈಫಲ್‌ಗೆ 2016ರ ಆರ್ಮ್ಸ್ ರೂಲ್ಸ್‌ನಲ್ಲಿ ಲೈಸೆನ್ಸ್ ಬೇಡ. ಅರ್ಧ ಗ್ರಾಮಿನ ಪೆಲೆಟ್ ಸೆಕೆಂಡಿಗೆ 280 ಮೀಟರ್ ವೇಗದಲ್ಲಿ ಹೊರಟರೆ ಹೆಚ್ಚುಕಡಿಮೆ ಆ ಮಿತಿ ಮುಟ್ಟುತ್ತದೆ. ಮದ್ದಿನಿಂದ ಸಿಡಿಯುವ ನಿಜವಾದ .22 ರೈಫಲ್ ಬೇಕೆಂದರೆ ಲೈಸೆನ್ಸ್‌ಗೆ ಅಲೆಯಬೇಕು, ಚುನಾವಣೆ ಬಂದಾಗ ಠಾಣೆಯಲ್ಲಿ ಇಡುವ ತಲೆನೋವು ಬೇರೆ. ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯದ) ಜಮೀನಿನವರಿಗೆ 2029ರವರೆಗೆ ಲೈಸೆನ್ಸ್ ವಿನಾಯಿತಿ ಇದೆ, ಅವರ ಕಥೆಯೇ ಬೇರೆ. ನಮ್ಮಂಥ ಬಯಲುಸೀಮೆಯವರಿಗೆ ಏರ್ ರೈಫಲ್ಲೇ ಸರಿ.

ಹೊರುವ ವಿಷಯದಲ್ಲಿ ನೂರಕ್ಕೆ ನೂರು. ಇದಕ್ಕೂ ಮುಂಚೆ ಗೆಳೆಯನೊಬ್ಬನ ಮರದ ಸ್ಟಾಕಿನ ರೈಫಲ್ ಎತ್ತಿಕೊಂಡು ಅದೇ ದಾರಿಯಲ್ಲಿ ನಡೆದಿದ್ದೆ. ಅದು ಮೂರೂವರೆ ಕೆಜಿ ಮೇಲಿತ್ತು. ಒಂದು ಕೆಜಿ ವ್ಯತ್ಯಾಸ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ಬಿಸಿಲಲ್ಲಿ ಏರು ಹತ್ತುವಾಗ ಹೆಗಲಿಗೆ ಗೊತ್ತಾಗುತ್ತದೆ. ಆದರೆ ಒಟ್ಟು ತೂಕಕ್ಕಿಂತ ಅದು ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಮೂತಿ ಭಾರವಾಗಿದ್ದರೆ ನಡೆಯುವಾಗ ಸ್ಲಿಂಗ್ (ಹೆಗಲ ಪಟ್ಟಿ) ಜಾರುತ್ತಲೇ ಇರುತ್ತದೆ. ನನ್ನದಕ್ಕೆ ಸ್ಲಿಂಗ್ ಸಿಕ್ಕಿಸುವ ಕೊಂಡಿಯೇ ಇರಲಿಲ್ಲ. ಹೊರಗೆ ಮಾಡಿಸಿ ಹಾಕಿಸಿಕೊಂಡೆ. ಹಗುರ ಅಂತ ಜಾಹೀರಾತು ಮಾಡಿ ಕೊಂಡಿ ಕೊಡದಿದ್ದರೆ ಯಾವ ಲೆಕ್ಕ?

ಇನ್ನು ಹೊಡೆಯುವುದು. ಸ್ಪ್ರಿಂಗ್ ರೈಫಲ್‌ನ ಒದೆತ ಎರಡು ಸಲ. ಟ್ರಿಗರ್ ಒತ್ತಿದಾಗ ಒಳಗಿನ ಪಿಸ್ಟನ್ ಮುಂದೆ ನುಗ್ಗುತ್ತದೆ, ರೈಫಲ್ ಹಿಂದೆ ಸರಿಯುತ್ತದೆ. ಪಿಸ್ಟನ್ ತುದಿಗೆ ಬಡಿದಾಗ ರೈಫಲ್ ಮುಂದೆ ಜಿಗಿಯುತ್ತದೆ. ಪೆಲೆಟ್ ಬ್ಯಾರಲ್ ಬಿಡುವಷ್ಟರಲ್ಲಿ ಈ ಕುಣಿತ ಶುರುವಾಗಿರುತ್ತದೆ. ಭಾರದ ರೈಫಲ್ ಇದನ್ನು ನುಂಗಿಕೊಳ್ಳುತ್ತದೆ, ಹಗುರವಾದದ್ದು ನಮ್ಮ ಕೈಗೇ ಬಿಡುತ್ತದೆ. ಬಿಗಿಯಾಗಿ ಹಿಡಿದರೆ ಪೆಲೆಟ್ ಒಂದು ಕಡೆ, ಸಡಿಲ ಬಿಟ್ಟರೆ ಇನ್ನೊಂದು ಕಡೆ. ಅಂಗೈ ಚಪ್ಪಟೆ ಮಾಡಿ ಅದರ ಮೇಲೆ ಸುಮ್ನೆ ಕೂರಿಸಬೇಕು, ಅದೂ ಪ್ರತಿ ಸಲ ಅದೇ ಜಾಗದಲ್ಲಿ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ 5.5 ಕೆಜಿವರೆಗೆ ತೂಕಕ್ಕೆ ಅವಕಾಶ ಇದೆ, ಸ್ಪರ್ಧಿಗಳ ರೈಫಲ್ ನನ್ನದಕ್ಕಿಂತ ಬಹಳ ಭಾರ. ಅವರಿಗೆ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು ಇದೇ ಸ್ಪರ್ಧೆಯಲ್ಲಿ. ಅಲ್ಲಿ ಯಾರೂ ಹಗುರ ಹುಡುಕುವುದಿಲ್ಲ.

ಇನ್ನೊಂದು ಕಿರಿಕಿರಿ. ಗಿಡ್ಡ ಬ್ಯಾರಲ್ ನೋಡೋಕೆ ಚೆಂದ, ಆದರೆ ಕಾಕ್ ಮಾಡುವಾಗ, ಅಂದರೆ ಬ್ಯಾರಲ್ ಮಡಚಿ ಸ್ಪ್ರಿಂಗ್ ಬಿಗಿ ಮಾಡುವಾಗ, ಆ ಬ್ಯಾರಲ್ಲೇ ನಮ್ಮ ಹಿಡಿಕೆ. ಹಿಡಿಕೆ ಗಿಡ್ಡ ಆದಷ್ಟೂ ಬಲ ಜಾಸ್ತಿ ಬೇಕು. ಮಧ್ಯಾಹ್ನದ ಹೊತ್ತಿಗೆ ನನ್ನ ತೋಳು ಸಾಕು ಅನ್ನುತ್ತದೆ. ಭಾಮೈದ ಎರಡು ಸುತ್ತು ಹೊಡೆದು 'ಭಾವ, ಇದು ಜಿಮ್ಮೋ ಬಂದೂಕೋ' ಅಂತ ಕೇಳಿದ.

ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕುವ ಆಸೆ ಇದ್ದರೆ ಏರ್ ಗನ್‌ಗೆ ಅಂತಲೇ ಮಾಡಿದ್ದನ್ನು ತಗೊಳ್ಳಿ. ಮುಂದಕ್ಕೆ ಹೊಡೆಯುವ ಆ ಎರಡನೇ ಏಟು ಮಾಮೂಲಿ ಸ್ಕೋಪನ್ನು ಒಳಗಿಂದ ಸಡಿಲ ಮಾಡುತ್ತದೆ. ನಾನು ತೆಗೆದುಬಿಟ್ಟೆ, ತೂಕವೂ ಉಳಿಯಿತು. ಸ್ಟಾಕಿನ ಸ್ಕ್ರೂಗಳಂತೂ ಸಡಿಲ ಆಗುತ್ತಲೇ ಇರುತ್ತವೆ, ಪ್ರತಿ ಸಲ ಹೊರಡುವ ಮುಂಚೆ ನೋಡಲೇಬೇಕು. ಬ್ಯಾರಲ್ ಮೇಲೆ ಗುರಿ ನೋಡಲು ಇರುವ ಹಸಿರು ಕಡ್ಡಿ ಮುರಿದಾಗ ಮಾರಿದ ಅಂಗಡಿಯವರು ಬಿಡಿಭಾಗ ತರಿಸಿಕೊಡುತ್ತೇವೆ ಅಂತ ತಿಂಗಳುಗಟ್ಟಲೆ ಓಡಾಡಿಸಿದರು.

ಬೆಂಗಳೂರಿನ ಮಳೆಗಾಲಕ್ಕೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹೊರಗಡೆ ತೆಳುವಾಗಿ ಎಣ್ಣೆ ಒರೆಸಿ. ಆದರೆ ಒಳಗೆ ಎಣ್ಣೆ ಸುರಿಯಬೇಡಿ, ಒತ್ತಡಕ್ಕೆ ಹೊತ್ತಿಕೊಂಡು ಹೊಗೆ ಬರುತ್ತದೆ, ಸೀಲ್ ಹಾಳಾಗುತ್ತದೆ. ಆಯುಧಪೂಜೆಗೆ ಅತ್ತೆ ಬ್ಯಾರಲ್‌ಗೆ ಅರಿಶಿನ ಕುಂಕುಮ ಹಚ್ಚೇ ಹಚ್ಚುತ್ತಾರೆ, ಮಾರನೇ ದಿನವೇ ಒರೆಸಿ ಎಣ್ಣೆ ಹಾಕುವುದು ನನ್ನ ಕೆಲಸ. ಪೆಲೆಟ್ ಸೀಸದ್ದು, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ಕಾಕ್ ಮಾಡಿ ಗೋಡೆಗೆ ಒರಗಿಸಿ ಬಿಡಲೂ ಬೇಡಿ. ನಡೆಯುವಾಗ ಯಾವತ್ತೂ ತುಂಬಿರಬಾರದು, ಬದುವಿನ ಹತ್ತಿರ ಹೋದ ಮೇಲೆಯೇ ತುಂಬುವುದು.

ಊರಿಗೆ ಒಯ್ಯುವಾಗ ಬಟ್ಟೆಯ ಚೀಲದಲ್ಲಿ ಕಾರಿನ ಡಿಕ್ಕಿಯಲ್ಲಿ ಇಡುತ್ತೇನೆ, ಬಿಲ್ ಜೊತೆಗೇ. ಮೆಟ್ರೋ ಯೋಚನೆ ಬೇಡವೇ ಬೇಡ.

ಸ್ವಂತ ಜಮೀನು ಇದ್ದು, ನಡೆದಾಡಿ ಡಬ್ಬಿ ಹೊಡೆಯುವ ಖುಷಿ ಬೇಕಿದ್ದರೆ ತಗೊಳ್ಳಿ. ಮಗಳಿಗೋ ಮಗನಿಗೋ ಗುರಿ ಕಲಿಸಬೇಕು ಅಂತಿದ್ದರೆ ಇದು ಬೇಡ, ಅದೇ ದುಡ್ಡು ಶೂಟಿಂಗ್ ಕ್ಲಬ್ಬಿನ ಫೀಸಿಗೆ ಹಾಕಿ, ಅಲ್ಲಿ ಭಾರದ ರೈಫಲ್ಲಿನಲ್ಲಿ ಕಲಿಯಲಿ. ನನ್ನದನ್ನು ಮಾರುವ ಯೋಚನೆ ಇಲ್ಲ. ಸ್ಪ್ರಿಂಗ್ ಸ್ವಲ್ಪ ಸೋತಿದೆ, ಮುಂದಿನ ತಿಂಗಳು ಬದಲಾಯಿಸಬೇಕು.