ಅಂಚೆ ಕಚೇರಿ ಆರ್‌ಡಿ: ಕಾರ್ಡ್ ಸಾಲ ಇರುವವರಿಗೆ ಇದು ಬೇಡ, ಪಕ್ಕದ್ದು ಬೇಕು

ತಿಂಗಳಿಗೆ ಕನಿಷ್ಠ 100 ರೂಪಾಯಿ, ಐದು ವರ್ಷದ ಅವಧಿ, 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ ಬಡ್ಡಿ 6.7%. ಪ್ರತಿ ತಿಂಗಳೂ ಕಂತು ಕಟ್ಟುತ್ತಾ ಹೋಗುವ ಅಂಚೆ ಕಚೇರಿಯ ಈ ಠೇವಣಿ, ಅಂದರೆ ಆರ್‌ಡಿ, ಒಳ್ಳೆಯದೇ, ಎರಡು ಮಾತಿಲ್ಲ. ಆದರೆ ಕಷ್ಟಕಾಲದ ದುಡ್ಡನ್ನು ಅದರಲ್ಲಿಡಬೇಡಿ. ಮೂರು ವರ್ಷ ತುಂಬದೆ ಮುಚ್ಚುವಂತಿಲ್ಲ. ಹನ್ನೆರಡು ಕಂತು ಕಟ್ಟಿದ ಮೇಲೆ ಇರುವ ಹಣದ ಅರ್ಧದಷ್ಟು ಸಾಲ ಕೊಡುತ್ತಾರೆ, ಅದಕ್ಕೂ ಆರ್‌ಡಿ ಬಡ್ಡಿಗಿಂತ 2% ಹೆಚ್ಚಿನ ಬಡ್ಡಿ. ಅತ್ತೆಗೆ ರಾತ್ರಿ ಉಸಿರು ಕಟ್ಟಿದರೆ ಆಸ್ಪತ್ರೆಯವರು ಅಷ್ಟೆಲ್ಲ ಕಾಯುತ್ತಾರೆಯೇ?

ಅದಕ್ಕೇ ನಾನು ಅದೇ ಕೌಂಟರಿನಲ್ಲಿ ಉಳಿತಾಯ ಖಾತೆ ತೆರೆದೆ. 500 ರೂಪಾಯಿ ಸಾಕು, ಬಡ್ಡಿ 4%, ಎಟಿಎಂ ಕಾರ್ಡೂ ಸಿಗುತ್ತದೆ. ಬ್ಲೌಸ್ ಹೊಲಿದ ದುಡ್ಡು ಹತ್ತು ಸಾವಿರ ಆಗುವವರೆಗೆ ಅಲ್ಲಿಗೇ ಹೋಯಿತು. ಈಗ ಉಳಿದದ್ದೆಲ್ಲ ನನ್ನ ಕ್ರೆಡಿಟ್ ಕಾರ್ಡ್ ಸಾಲಕ್ಕೆ. ಅಲ್ಲಿ ತಿಂಗಳಿಗೆ 3.5% ಅಂದರೆ ವರ್ಷಕ್ಕೆ 42%, ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ಬೇರೆ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಬಂದರೆ ಹೊಸದಾಗಿ ಕಾರ್ಡ್ ಉಜ್ಜಿ ತಂದ ಅಕ್ಕಿ-ಬೇಳೆಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಾಗಾದರೆ ಎಲ್ಲವನ್ನೂ ಸಾಲಕ್ಕೇ ಸುರಿಯಬಾರದೇ ಎಂದು ತಂಗಿ ಕೇಳಿದಳು. ಕೈಯಲ್ಲಿ ಏನೂ ಇಲ್ಲದಿದ್ದರೆ ಮುಂದಿನ ಔಷಧಿಗೆ ಮತ್ತೆ ಅದೇ ಕಾರ್ಡ್ ತೆಗೆಯಬೇಕಲ್ಲ ಅಂದೆ.

ಉಳಿತಾಯ ಖಾತೆಗೆ ಐದಕ್ಕೆ ನಾಲ್ಕೂವರೆ. ವರ್ಷದ ಕೊನೆಗೆ 500ಕ್ಕಿಂತ ಕಡಿಮೆಯಿದ್ದರೆ 50 ರೂಪಾಯಿ ಮುರಿದುಕೊಳ್ಳುತ್ತಾರೆ, ಅರ್ಧ ಅಂಕ ಕಳೆದದ್ದು ಅದಕ್ಕೆ. ಆರ್‌ಡಿಯನ್ನು ಸಾಲ ತೀರಿದ ತಿಂಗಳೇ ಶುರುಮಾಡುತ್ತೇನೆ.